ಈ ವಾಕ್ಯದ ಕರ್ತೃ ಯಾರು?

ಹೋದ ಯುಗಾದಿಯಿಂದ ಈ ಯುಗಾದಿಯವರೆಗೆ ನಾನು ಒಂದೂ ಕಾದಂಬರಿ ಓದಲಿಲ್ಲ. ಹಾಗೆಂದು ಹಟವೇನೂ ತೊಟ್ಟಿರಲಿಲ್ಲ. ಮೊದಲಿಗೆ ಕೈಗೆ ಸಿಕ್ಕ ಎರಡು ಪುಸ್ತಕಗಳು ಆತ್ಮಕಥೆಗಳಾಗಿದ್ದವು. ಅವನ್ನು ಮುಗಿಸಿದ ಮೇಲೆ ಕಟ್ಟುಕಥೆಯ ಕಡೆಗೆ ಮನಸ್ಸು ಹೊರಳಲಿಲ್ಲ. ಖರೇ ಬದುಕಿದವರು ಖರೇ ನಡೆದದ್ದನ್ನು ಹೇಳುವ ಪುಸ್ತಕಗಳೇ ಬೇಕೆನಿಸಿದವು. ದುಮ್ಮವಾಡದಿಂದ ಬಸ್ಸು ಹಿಡಿದು ಧಾರವಾಡಕ್ಕೆ ಹೋದಾಗಲೆಲ್ಲ ಒಂದೊಂದು ತಂದೆ. ಕೆಲವನ್ನು ಗೆಳತಿಯರಿಂದ ಕಡ ತಂದೆ. ಲೆಕ್ಕ ಹಾಕಿದರೆ ವರ್ಷಕ್ಕೆ ಹನ್ನೊಂದು ಪುಸ್ತಕ. ಶಾಲೆ, ಮನೆ, ವಯಸ್ಸಾದ ತಾಯಿ, ಪರೀಕ್ಷೆಯ ಪೇಪರು, ಇವುಗಳ ನಡುವೆ ಹನ್ನೊಂದು ಪುಸ್ತಕ ಓದಿದೆನೆಂದರೆ ಅದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ.

ನಮ್ಮ ಶಾಲೆಯ ಗಣಿತದ ಬಾಯಾರು ಒಂದು ದಿನ ನನ್ನ ಕೈಯಲ್ಲಿಯ ಪುಸ್ತಕ ನೋಡಿ, “ಅಕ್ಕಾರ, ಮಂದಿ ಮನಿ ಸುದ್ದಿ ಓದಿ ಏನ ಬರತೈತ್ರಿ ನಿಮಗ? ಅದನ್ನ ನಮ್ಮ ಓಣಿ ಕಟ್ಟಿ ಮ್ಯಾಲೆ ಕುಂತರ ಪುಕ್ಕಟ ಕೇಳಬಹುದಲ್ರೀ” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಾತು ಮನಸ್ಸಿನಲ್ಲಿ ಉಳಿಯಿತು. ಕಟ್ಟೆಯ ಮೇಲಿನ ಸುದ್ದಿಗೂ ಆತ್ಮಕಥೆಗೂ ಏನು ಫರಕು? ಕಟ್ಟೆಯ ಮೇಲೆ ನಾವು ಇನ್ನೊಬ್ಬರ ಕಥೆ ಹೇಳುತ್ತೇವೆ, ಆತ್ಮಕಥೆಯಲ್ಲಿ ಬರೆದವರು ತಮ್ಮದೇ ಕಥೆ ಹೇಳುತ್ತಾರೆ ಎಂಬುದು ಥಟ್ಟನೆ ಹೊಳೆದ ಉತ್ತರ. ಸ್ವಲ್ಪ ಯೋಚಿಸಿದರೆ ಈ ಉತ್ತರ ನಿಲ್ಲುವುದಿಲ್ಲ. ಯಾರ ಬದುಕೂ ಅವರೊಬ್ಬರದೇ ಆಗಿರುವುದಿಲ್ಲವಲ್ಲ. ತನ್ನ ಕಥೆ ಬರೆಯಲು ಕೂತವರು ತಾಯಿಯನ್ನು, ಹೆಂಡತಿಯನ್ನು, ಅಣ್ಣತಮ್ಮಂದಿರನ್ನು, ನೆರೆಯವರನ್ನು ಕೇಳದೆಯೇ ಪುಸ್ತಕದೊಳಗೆ ಎಳೆದು ತರುತ್ತಾರೆ. ಕೆಲವರನ್ನು ಎಳೆದು ತರುತ್ತಾರೆ, ಕೆಲವರನ್ನು ಹೊಸ್ತಿಲ ಹೊರಗೇ ನಿಲ್ಲಿಸುತ್ತಾರೆ. ಎರಡರಲ್ಲಿ ಯಾವುದು ಹೆಚ್ಚಿನ ಅನ್ಯಾಯ? ಈ ಪ್ರಶ್ನೆಯ ಬೆನ್ನು ಹತ್ತಿಯೇ ನನ್ನ ವರ್ಷದ ಓದು ನಡೆಯಿತು ಎನ್ನಬೇಕು.

ಮೊದಲು ಓದಿದ್ದು ನಮ್ಮ ನೆಲದ ಇಬ್ಬರು ಸಂಗೀತಗಾರರ ಪುಸ್ತಕಗಳನ್ನು. ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ ಮತ್ತು ಗಂಗೂಬಾಯಿ ಹಾನಗಲ್ಲರು ಎನ್ಕೆ ಕುಲಕರ್ಣಿಯವರಿಗೆ ಹೇಳಿ ಬರೆಸಿದ ‘ನನ್ನ ಬದುಕಿನ ಹಾಡು’. ಮನ್ಸೂರರು ಹುಟ್ಟಿದ್ದು 1910ರಲ್ಲಿ, ಧಾರವಾಡದ ಬದಿಯ ಮನಸೂರಿನಲ್ಲಿ. ಗಂಗೂಬಾಯಿಯವರು ಹುಟ್ಟಿದ್ದು 1913ರಲ್ಲಿ, ಧಾರವಾಡದಲ್ಲಿ. ಒಂದೇ ಗಾಳಿ, ಒಂದೇ ನೀರು. ಮನ್ಸೂರರ ಪುಸ್ತಕ, ಹೆಸರೇ ಹೇಳುವಂತೆ, ರಸದ ಯಾತ್ರೆ. ನಾಟಕ ಕಂಪನಿಯ ಹುಡುಗ ಅಪ್ಪಯ್ಯಸ್ವಾಮಿಗಳ ಕೈಗೆ, ಅಲ್ಲಿಂದ ಮಿರಜಿನ ನೀಲಕಂಠಬುವಾ ಅವರ ಕೈಗೆ, ಕೊನೆಗೆ ಮಂಜಿಖಾನರು, ಭೂರ್ಜಿಖಾನರ ಕೈಗೆ ಬಂದು ಸೇರುವ ದಾರಿ ಅದು. ಒಬ್ಬ ಗುರುವಿನಿಂದ ಇನ್ನೊಬ್ಬ ಗುರುವಿಗೆ ನಡೆಯುವ ಆ ದಾರಿಯನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಹೆಣ್ಣುಮಗಳು ಓದುವಾಗ ಮನಸ್ಸಿನ ಒಂದು ಮೂಲೆ ಬೇರೆ ಲೆಕ್ಕವನ್ನೂ ಹಾಕುತ್ತಿರುತ್ತದೆ. ಏಳು ಜನ ಹೆಣ್ಣುಮಕ್ಕಳು, ಒಬ್ಬ ಗಂಡುಮಗ ಇದ್ದ ಮನೆ ಅದು. ಯಜಮಾನರು ರಸಯಾತ್ರೆಯಲ್ಲಿದ್ದಾಗ ಆ ಮನೆಯ ಒಲೆಯ ಮುಂದೆ ಇದ್ದವರು ಗಂಗಮ್ಮನವರು. ಆ ಯಾತ್ರೆಯ ಬುತ್ತಿ ಕಟ್ಟಿದವರ ಯಾತ್ರೆ ಯಾವ ರಾಗದಲ್ಲಿ ನಡೆಯಿತೋ!

ಗಂಗೂಬಾಯಿಯವರ ಬದುಕನ್ನು ಓದಿದರೆ ತಾಯಿ ಅಂಬಾಬಾಯಿಯವರನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ಅಂಬಾಬಾಯಿಯವರದು ಕರ್ನಾಟಕ ಸಂಗೀತ. ಅವರ ಹಾಡು ಕೇಳಲು ಅಬ್ದುಲ್ ಕರೀಂ ಖಾನರಂಥವರೇ ಮನೆಗೆ ಬರುತ್ತಿದ್ದರು. ಮಗಳು ಹಿಂದುಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿನ ನೆರಳು ಮಗಳ ಹಾಡಿನ ಮೇಲೆ ಬೀಳಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳ ಕೀರ್ತಿಯನ್ನು ಕಣ್ಣಾರೆ ಕಾಣದೆ 1932ರಲ್ಲಿ ತೀರಿಕೊಂಡರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಸಂಗತಿ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಆ ರೈಲಿನ ಹಿಂದೆ ಹಾಡು ನಿಲ್ಲಿಸಿದ ತಾಯಿಯೊಬ್ಬಳು ಇದ್ದಳೆಂಬುದು ಗೊತ್ತಾದದ್ದು ಮಗಳು ಅದನ್ನು ಹೇಳಿದ್ದರಿಂದ. ಹೇಳದಿದ್ದರೆ ಗಂಗೂಬಾಯಿಯವರ ಸಂಗೀತಕ್ಕೆ ಒಂದು ಸ್ವರವೂ ಕಡಿಮೆಯಾಗುತ್ತಿರಲಿಲ್ಲ. ಆದರೆ ನಮ್ಮ ತಿಳಿವಳಿಕೆ ಮಾತ್ರ ಊನವಾಗಿ ಉಳಿಯುತ್ತಿತ್ತು.

ಇಷ್ಟೆಲ್ಲ ಓದಿನ ವಿಚಾರ. ಅದು ಮನೆಯ ವಿಚಾರವಾದದ್ದು ಮಳೆಗಾಲದ ಹೊತ್ತಿಗೆ.

ನಮ್ಮ ಅಪ್ಪ ಹಳೆಯ ಕಾಲದ ಕನ್ನಡ ಶಾಲೆ ಮಾಸ್ತರರು. ಅವರ ಹತ್ತನೆಯ ಪುಣ್ಯತಿಥಿಗೆಂದು ನನ್ನ ಅಣ್ಣ ಸಣ್ಣದೊಂದು ನೆನಪಿನ ಪುಸ್ತಕ ಅಚ್ಚು ಹಾಕಿಸಿ ಬಂಧುಬಳಗಕ್ಕೆಲ್ಲ ಹಂಚಿದ. ಅರವತ್ತು ಪುಟ, ಮುಖಪುಟದ ಮೇಲೆ ರುಮಾಲು ಸುತ್ತಿದ ಅಪ್ಪನ ಫೋಟೋ. ಚೆನ್ನಾಗಿಯೇ ಬರೆದಿದ್ದ. ಕಣ್ಣು ಮಂಜಾದ ಅವ್ವನಿಗೆ ನಾನೇ ಅದನ್ನು ದಿನಾ ಸಂಜೆ ಐದಾರು ಪುಟ ಓದಿ ಹೇಳಿದೆ. ಅಪ್ಪನ ಸುದ್ದಿ ಬಂದಲ್ಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಅದರಲ್ಲಿ ಒಂದು ವಾಕ್ಯವಿತ್ತು. ಮುಲ್ಕಿ ಪರೀಕ್ಷೆಗೆ ಕೂಡ್ರುವ ಸುತ್ತಲಿನ ಹಳ್ಳಿಗಳ ಹುಡುಗರನ್ನು ಅಪ್ಪ ಮನೆಯಲ್ಲಿಯೇ ಇಟ್ಟುಕೊಂಡು ಅಭ್ಯಾಸ ಮಾಡಿಸುತ್ತಿದ್ದ ಕಾಲದ್ದು. “ನಮ್ಮ ತಂದೆಯವರು ಹದಿನಾಲ್ಕು ಹುಡುಗರಿಗೆ ಮನೆಯಲ್ಲಿ ಅನ್ನ ಹಾಕಿ ಓದಿಸಿದರು” ಎಂದು ಅಣ್ಣ ಬರೆದಿದ್ದ.

ಅವ್ವ ಕೈ ಎತ್ತಿ ನಿಲ್ಲಿಸಿದಳು. “ಇನ್ನೊಮ್ಮೆ ಓದು” ಅಂದಳು. ಓದಿದೆ.

“ಓದಿಸಿದ್ದು ಖರೇನ. ಅವರ ಓದಿಸಿದ್ರು. ಅನ್ನಾ ಹಾಕಿದವ್ರ ಯಾರಂತ ಬರದಾನ?”

“ಅಪ್ಪ ಅಂತ ಬರದಾನಬೇ.”

ಅವ್ವ ಸಿಟ್ಟಾಗಲಿಲ್ಲ. ಸುಮ್ಮನೆ ತನ್ನ ಅಂಗೈ ನೋಡಿಕೊಂಡಳು. “ಒಂದೊಂದ ಹೊತ್ತಿಗೆ ಐವತ್ತ ರೊಟ್ಟಿ ಬಡೀತಿದ್ನೆವ್ವಾ ನಾ. ನಸಿಕಲೆ ಎದ್ದು ಬೀಸೂದು ಬ್ಯಾರೆ. ನಿಮ್ಮಪ್ಪಗ ಹಂಚ ಎಲ್ಲಿ ಇಡತಾರ ಅಂಬೂದೂ ಗೊತ್ತಿರಲಿಲ್ಲ” ಅಂದಳು. ಆಮೇಲೆ ನಕ್ಕು, “ಮುಂದ ಓದು” ಅಂದಳು.

ನಾನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ವ್ಯಾಕರಣ ಕಲಿಸುತ್ತಿದ್ದೇನೆ. ವಾಕ್ಯವನ್ನು ಫಲಕದ ಮೇಲೆ ಬರೆದು, ಕ್ರಿಯಾಪದ ಹುಡುಕಿರಿ, ಆ ಕ್ರಿಯೆಯನ್ನು ಮಾಡಿದವರು ಯಾರು ಎಂದು ಕೇಳಿರಿ, ಬಂದ ಉತ್ತರವೇ ಕರ್ತೃಪದ ಎಂದು ಹೇಳಿಕೊಟ್ಟಿದ್ದೇನೆ. ಎರಡನೆಯ ಇಯತ್ತೆಯವರೆಗೆ ಮಾತ್ರ ಕಲಿತ ನಮ್ಮ ಅವ್ವ ಅದನ್ನೇ ಮಾಡಿದಳು. ವಾಕ್ಯದಲ್ಲಿ ಎರಡು ಕ್ರಿಯೆಗಳಿದ್ದವು, ಅನ್ನ ಹಾಕುವುದು ಮತ್ತು ಓದಿಸುವುದು. ಕರ್ತೃ ಒಬ್ಬನೇ ಇದ್ದ. ವ್ಯಾಕರಣದಿಂದ ನೋಡಿದರೆ ವಾಕ್ಯದಲ್ಲಿ ತಪ್ಪಿಲ್ಲ. ಅಣ್ಣ ಸುಳ್ಳು ಹೇಳಿದನೆಂದೂ ಅಲ್ಲ. ಮನೆ ಅಪ್ಪನದು, ಪಗಾರ ಅಪ್ಪನದು, ಅನ್ನ ಹಾಕಿದವರು ಅಪ್ಪ ಎಂಬುದು ನಮ್ಮ ಭಾಷೆಯಲ್ಲಿ ಸಹಜವಾಗಿ ಬರುವ ಮಾತು. ಸುಳ್ಳಿಲ್ಲದೆಯೂ ಒಂದು ವಾಕ್ಯ ಒಬ್ಬಾಕೆಯ ಹತ್ತು ವರ್ಷದ ದುಡಿಮೆಯನ್ನು ನುಂಗಬಲ್ಲದು ಎಂಬುದನ್ನು ಆವತ್ತು ನೋಡಿದೆ. ಇನ್ನೂ ನಯವಾಗಿ ನುಂಗಬೇಕಾದರೆ ಕರ್ಮಣಿ ಪ್ರಯೋಗವಿದೆ. “ಹುಡುಗರಿಗೆ ಊಟದ ವ್ಯವಸ್ಥೆ ಮಾಡಲಾಗಿತ್ತು” ಎಂದರೆ ಮುಗಿಯಿತು, ಕರ್ತೃವೇ ಬೇಡ. ಊಟ ತಾನಾಗಿ ನೆಲದಿಂದ ಎದ್ದು ಬಂದಂತೆ.

ಆ ಸಂಜೆಯ ಮೇಲೆ ನನ್ನ ಓದಿನ ಕ್ರಮ ಬದಲಾಯಿತು. ಪುಸ್ತಕಗಳನ್ನು ಬಿಡಿಬಿಡಿಯಾಗಿ ಓದುವುದನ್ನು ಬಿಟ್ಟು ಜೋಡಿಯಾಗಿ ಓದತೊಡಗಿದೆ. ಕನ್ನಡದಲ್ಲಿ ಅದಕ್ಕೆ ಅನುಕೂಲವಿದೆ. ಪಿ. ಲಂಕೇಶರ ‘ಹುಳಿಮಾವಿನ ಮರ’ 1997ರಲ್ಲಿ ಬಂತು. ಕನ್ನಡದ ಆತ್ಮಕಥೆಗಳಲ್ಲಿ ಅದಕ್ಕೊಂದು ದೊಡ್ಡ ಹೆಸರಿದೆ. ಲಂಕೇಶರು 2000ದಲ್ಲಿ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಅವರ ಪತ್ನಿ ಇಂದಿರಾ ಲಂಕೇಶರು ತಮ್ಮ ನೆನಪುಗಳನ್ನು ಬರೆದು, ಪುಸ್ತಕಕ್ಕೆ ‘ಹುಳಿಮಾವು ಮತ್ತು ನಾನು’ ಎಂದು ಹೆಸರಿಟ್ಟರು. ಆ ಹೆಸರನ್ನು ಒಂದು ಗಳಿಗೆ ನಿಂತು ನೋಡಿರಿ. ಗಂಡನ ಮರವನ್ನು ಅವರು ಕಡಿಯಲಿಲ್ಲ, ಅಲ್ಲಗಳೆಯಲಿಲ್ಲ. ಪಕ್ಕದಲ್ಲಿ ‘ಮತ್ತು ನಾನು’ ಎಂದಷ್ಟೇ ಸೇರಿಸಿದರು. ನೌಕರಿ ಬಿಟ್ಟ ಗಂಡ ಸಿನಿಮಾ, ಸಾಹಿತ್ಯ, 1980ರ ನಂತರ ಪತ್ರಿಕೆ ಎಂದು ಊರೆಲ್ಲ ಮಾತಾಡುವಂಥ ಕೆಲಸಗಳಲ್ಲಿ ಮುಳುಗಿದ್ದಾಗ, ಸೀರೆ ವ್ಯಾಪಾರ ಮಾಡಿ ಸಂಸಾರಕ್ಕೆ ಆಸರೆಯಾದ ಹೆಣ್ಣುಮಗಳು ಅವರು. ‘ಮತ್ತು’ ಎಂಬುದನ್ನು ನಾವು ಎರಡು ಪದ ಜೋಡಿಸುವ ಸಣ್ಣ ಅವ್ಯಯವೆಂದು ಪಾಠ ಮಾಡುತ್ತೇವೆ. ಈ ಪುಸ್ತಕದ ಹೆಸರಿನಲ್ಲಿ ಆ ಅವ್ಯಯ ಒಂದು ಬದುಕಿನ ತೂಕ ಹೊತ್ತಿದೆ.

ಇನ್ನೊಂದು ಪುಸ್ತಕ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’. 1966ರಲ್ಲಿ ಕುವೆಂಪು ಅವರ ಮಂತ್ರಮಾಂಗಲ್ಯದ ರೀತಿಯಲ್ಲಿ ಮದುವೆಯಾಗಿ ಮೂಡಿಗೆರೆಯ ಕಾಫಿ ತೋಟಕ್ಕೆ ಬಂದವರು ಅವರು. 2007ರಲ್ಲಿ ಪೂರ್ಣಚಂದ್ರ ತೇಜಸ್ವಿಯವರು ತೀರಿಕೊಂಡ ಮೇಲೆ ಬರೆದರು. ನನ್ನ ಗೆಳತಿಯೊಬ್ಬಳು ಇದನ್ನು ಓದಿ, “ಇಲ್ಲೂ ಅವರದೇ ಕಥಿ ಆತಲ್ಲ, ಈಕಿದು ಎಲ್ಲಿ?” ಎಂದು ಅಸಮಾಧಾನಪಟ್ಟಳು. ನನಗೆ ಹಾಗನಿಸಲಿಲ್ಲ. ತೇಜಸ್ವಿ ಎಲ್ಲರಿಗೂ ಗೊತ್ತಿದ್ದವರು. ‘ನನ್ನ’ ತೇಜಸ್ವಿ ಒಬ್ಬರಿಗೆ ಮಾತ್ರ ಗೊತ್ತಿದ್ದವರು. ಪ್ರೀತಿಸಿದವರನ್ನು ಪ್ರೀತಿಯಿಂದ ಬರೆಯುವ ಹೆಂಗಸು ತನ್ನನ್ನು ಅಳಿಸಿಕೊಂಡಳೆಂದು ನಾವು ತೀರ್ಪು ಕೊಡುವುದು ಅವಸರವಾದೀತು. ಹೆಣ್ಣುಮಕ್ಕಳು ಬರೆದರೆ ದೂರನ್ನೇ ಬರೆಯಬೇಕು ಎಂಬುದೂ ಒಂದು ದಬ್ಬಾಳಿಕೆಯೇ.

ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ಅವರ ಬಾಯಿಂದ ಕೇಳಿ ಬರೆದವರು ವೈದೇಹಿಯವರು. ನಾಟಕದ ಹಂಬಲದಿಂದ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಹುಡುಗನ ಅಲೆದಾಟದ ಕಥೆ ಅದು. ಅವರ ಪತ್ನಿ ಪ್ರೇಮಾ ಕಾರಂತರ ಆತ್ಮಕಥೆ ‘ಸೋಲಿಸಬೇಡ ಗೆಲಿಸಯ್ಯ’. ‘ಫಣಿಯಮ್ಮ’ ಸಿನಿಮಾ ಮಾಡಿದ ಪ್ರೇಮಾ ಅವರು ಮೊದಲು ಶಾಲಾ ಶಿಕ್ಷಕಿಯಾಗಿದ್ದವರು ಎಂಬ ಕಾರಣಕ್ಕೆ ನನಗೆ ಸ್ವಲ್ಪ ಹೆಚ್ಚಿನ ಸಲಿಗೆ. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ಓದಿದೆ. ಒಂದೇ ಸಂಸಾರಕ್ಕೆ ಎರಡು ಬಾಗಿಲು. ಒಂದರಿಂದ ಒಳಗೆ ಹೋದವರಿಗೆ ಕಂಡ ಕೋಣೆ ಇನ್ನೊಂದರಿಂದ ಹೋದವರಿಗೆ ಕಾಣುವುದಿಲ್ಲ. ಇಬ್ಬರಲ್ಲಿ ಯಾರದು ಖರೆ ಎಂದು ಕೇಳುವುದು ಮನೆಯ ಯಾವ ಬಾಗಿಲು ಖರೆ ಎಂದು ಕೇಳಿದಂತೆ.

ಈ ಜೋಡಿ ಓದಿನಲ್ಲಿ ನನ್ನನ್ನು ಬಹಳ ಕಾಡಿದ್ದು ಗಾಂಧೀಜಿಯವರ ಆತ್ಮಕಥೆ. 1925ರಿಂದ 1929ರವರೆಗೆ ‘ನವಜೀವನ’ದಲ್ಲಿ ವಾರವಾರ ಬಂದ ಬರಹ ಅದು. ಬಿ.ಎ. ಓದುವಾಗ ಒಮ್ಮೆ ಓದಿದ್ದೆ. ಈ ಸಲ ಓದುವಾಗ ಡರ್ಬಾನಿನ ಪ್ರಸಂಗದಲ್ಲಿ ನಿಂತುಬಿಟ್ಟೆ. ಆಗ ಅವರ ಮನೆಯಲ್ಲಿ ಕಚೇರಿಯ ಗುಮಾಸ್ತರೂ ಇರುತ್ತಿದ್ದರು. ಕೋಣೆಗಳಲ್ಲಿ ನೀರು ಹೊರಹೋಗುವ ವ್ಯವಸ್ಥೆಯಿಲ್ಲ, ಮೂತ್ರದ ಪಾತ್ರೆಗಳನ್ನು ಗಂಡ ಹೆಂಡತಿಯೇ ಎತ್ತಿ ಚೆಲ್ಲಬೇಕು. ಪಂಚಮ ತಂದೆತಾಯಿಗಳಿಗೆ ಹುಟ್ಟಿದ ಕ್ರೈಸ್ತ ಗುಮಾಸ್ತನೊಬ್ಬ ಬಂದಾಗ ಕಸ್ತೂರಬಾ ಅವರಿಗೆ ಆ ಪಾತ್ರೆ ಎತ್ತುವುದು ಸಹಿಸಲಾಗಲಿಲ್ಲ. ಅಳುತ್ತ ಎತ್ತಿದರು. ಎತ್ತಿದರೆ ಸಾಲದು, ನಗುನಗುತ್ತ ಎತ್ತಬೇಕು ಎಂದು ಗಂಡನ ಆಗ್ರಹ. ಮಾತಿಗೆ ಮಾತು ಬೆಳೆದು ಗಾಂಧಿಯವರು ಹೆಂಡತಿಯ ಕೈ ಹಿಡಿದೆಳೆದು ಗೇಟಿನ ತನಕ ಒಯ್ದು ಹೊರಗೆ ಹಾಕಲು ಹೊರಟರು. ಪರದೇಶದಲ್ಲಿ ತವರಿಲ್ಲ, ನೆಂಟರಿಲ್ಲ, ನಾನೆಲ್ಲಿಗೆ ಹೋಗಲಿ ಎಂದು ಆ ತಾಯಿ ಕೇಳಿದಾಗ ಅವರಿಗೆ ನಾಚಿಕೆಯಾಯಿತು. ಇದು 1898ರ ಸುಮಾರಿನ ಸಂಗತಿ.

ಇದನ್ನು ನಮಗೆ ಹೇಳಿದವರು ಯಾರು? ಗಾಂಧೀಜಿಯವರೇ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತನ್ನ ತಪ್ಪಿನ ವಾಕ್ಯದಲ್ಲಿ ಕರ್ತೃ ತಾನೇ ಎಂದು ಬರೆದರಲ್ಲ, ಅದು ದೊಡ್ಡತನ. ಆದರೂ ಒಂದು ಮಾತು ಉಳಿಯುತ್ತದೆ. ಗೇಟಿನ ಹತ್ತಿರ ಕಸ್ತೂರಬಾ ಆಡಿದ ಮಾತು ನಮಗೆ ಸಿಕ್ಕಿರುವುದು ಗಂಡನ ನೆನಪಿನಿಂದ, ಅದೂ ಕಾಲು ಶತಮಾನದ ಮೇಲೆ. ಆ ರಾತ್ರಿ ಅವರ ಮನಸ್ಸಿನಲ್ಲಿ ಏನಿತ್ತೋ, ಅವರಿಗಷ್ಟೇ ಗೊತ್ತು. ಅವರು ಆತ್ಮಕಥೆ ಬರೆಯಲಿಲ್ಲ. ಅವರಿಗೆ ಬರವಣಿಗೆಯೇ ಬಾರದೆಂದು ಬಹಳ ಜನ ತಿಳಿದಿದ್ದರು. ಆದರೆ 1933ರಲ್ಲಿ ಅವರು ಗುಜರಾತಿಯಲ್ಲಿ ಬರೆದಿಟ್ಟ ದಿನಚರಿಯೊಂದು ಸಿಕ್ಕು, ಮರಿಮಗ ತುಷಾರ್ ಗಾಂಧಿಯವರು ಅದನ್ನು 2022ರಲ್ಲಿ ಪುಸ್ತಕವಾಗಿ ಹೊರತಂದರು. ಅದರಲ್ಲಿರುವುದು ಎದ್ದದ್ದು, ಪ್ರಾರ್ಥನೆ ಮಾಡಿದ್ದು, ನೂಲು ತೆಗೆದದ್ದು, ಇಂಥ ದಿನದಿನದ ಸಣ್ಣ ನಮೂದುಗಳು. ಇದರಲ್ಲೇನಿದೆ ಎಂದು ಮೂಗು ಮುರಿಯುವವರಿರಬಹುದು. ನನಗೆ ಅದರ ಸುದ್ದಿ ತಿಳಿದಾಗ ಅವ್ವನ ಐವತ್ತು ರೊಟ್ಟಿಯ ಲೆಕ್ಕ ನೆನಪಾಯಿತು. ಇವತ್ತು ನಾನು ಇಷ್ಟು ಮಾಡಿದೆ ಎಂದು ಬರೆದಿಡುವುದೇ ಒಬ್ಬ ಹೆಂಗಸು ತನ್ನ ವಾಕ್ಯಕ್ಕೆ ತಾನೇ ಕರ್ತೃವಾಗುವ ರೀತಿ.

ಹೀಗೆಂದುಕೊಂಡು ಒಂದು ನೂರು ಪುಟದ ನೋಟ್‌ಬುಕ್ ತಂದು ಅವ್ವನ ಮುಂದೆ ಕೂತೆ. “ನೀ ಹೇಳು, ನಾ ಬರಕೋತೀನಿ” ಅಂದೆ. ಮೊದಲೆರಡು ದಿನ ನಾಚಿಕೊಂಡಳು. “ನಂದೇನೈತಿ ಬರ್ಯಾಕ, ಒಲಿ ಕಥಿ” ಅಂದಳು. ಮೂರನೆಯ ದಿನದಿಂದ ಮಾತು ಹರಿಯಿತು. ಯಾವ ಹಬ್ಬಕ್ಕೆ ಎಷ್ಟು ಶೇರು ಗೋದಿ, ಯಾವ ಹುಡುಗ ರಾತ್ರಿ ತಾಯಿಯನ್ನು ನೆನೆದು ಅಳುತ್ತಿದ್ದ, ಯಾವನಿಗೆ ತುರಿಕಜ್ಜಿಯಾಗಿ ಬೇವಿನೆಲೆ ಕುದಿಸಿ ಮೈ ತೊಳೆದದ್ದು, ಕಲಘಟಗಿಯ ಬಣ್ಣದ ತೊಟ್ಟಿಲನ್ನು ತವರಿನಿಂದ ಚಕ್ಕಡಿಯಲ್ಲಿ ತಂದದ್ದು. ಬರೆದುಕೊಳ್ಳುತ್ತ ಹೋದೆ.

ಒಂದು ಸಂಜೆ 1972ರ ಬರಗಾಲದ ಮಾತು ಬಂತು. ಆ ವರ್ಷ ಮನೆಯಲ್ಲಿ ಕಾಳು ಮುಗಿದಾಗ ಏನಾಯಿತು, ತನ್ನ ಮೈಮೇಲಿನ ಬಂಗಾರ ಎಲ್ಲಿಗೆ ಹೋಯಿತು, ಆಗ ಮನೆಯಲ್ಲಿ ಯಾರು ಯಾರಿಗೆ ಏನಂದರು ಎಂಬುದನ್ನೆಲ್ಲ ಹೇಳಿದಳು. ಐವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಮಾತು. ಹೇಳಿ ಮುಗಿಸಿ ನನ್ನ ಪೆನ್ನಿನ ಕಡೆ ನೋಡಿದಳು.

“ಇದನ್ನ ಬರೀಬ್ಯಾಡ.”

“ಯಾಕಬೇ? ಖರೇನ ನಡದದ್ದಲ್ಲ?”

“ನಡದದ್ದ ಖರೇನ. ಆದ್ರ ಇದರಾಗ ನಿಮ್ಮ ದೊಡ್ಡವ್ವನ ಮಾತ ಬರತೈತಿ. ಆಕಿ ಈಗ ಉತ್ತರಾ ಕೊಡಾಕ ಇಲ್ಲ. ನಾ ಒಬ್ಬಾಕಿನ ಉಳದೀನಂತ ನಂದ ಖರೇ ಆಗಬೇಕೇನ?”

ಪುಸ್ತಕದಿಂದ ಪುಸ್ತಕಕ್ಕೆ ಹುಡುಕಾಡುತ್ತಿದ್ದ ಪ್ರಶ್ನೆಯನ್ನು ಅವ್ವ ಒಂದೇ ಮಾತಿನಲ್ಲಿ ಎದುರಿಗಿಟ್ಟಳು. ತನ್ನ ಹೆಸರು ವಾಕ್ಯದಲ್ಲಿ ಇಲ್ಲವೆಂದು ನೊಂದ ಹೆಂಗಸೇ, ಇನ್ನೊಬ್ಬ ಹೆಂಗಸಿನ ತಪ್ಪಿನಿಂದ ತನ್ನ ವಾಕ್ಯ ಕಟ್ಟುವುದು ಬೇಡವೆಂದಳು. ಆ ಬರಗಾಲದ ಸಂಗತಿ ಏನೆಂದು ನಾನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಆದರೆ ಇದನ್ನೇ ನಿಯಮ ಮಾಡಿಬಿಡಬಹುದೇ? ಉತ್ತರ ಕೊಡಲಾರದವರ ತಪ್ಪನ್ನು ಯಾರೂ ಬರೆಯಬಾರದು ಎನ್ನಬಹುದೇ? ಹಾಗೆನ್ನಲು ಹೊರಟಾಗ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ನನ್ನನ್ನು ತಡೆಯಿತು. 1994ರಲ್ಲಿ ಬಂದ ಪುಸ್ತಕ, ನಮ್ಮದೇ ಉತ್ತರ ಕರ್ನಾಟಕದ ಮುದ್ದೇಬಿಹಾಳದ ಕಡೆಯ ಬಾಲ್ಯ. ಶಾಲೆಯಲ್ಲಿ, ಊರಿನಲ್ಲಿ ದಲಿತ ಹುಡುಗನೊಬ್ಬ ಉಂಡ ಅವಮಾನಗಳನ್ನು ಅದರಲ್ಲಿ ಓದುವಾಗ, ಮಾಸ್ತರಿಕೆ ಮಾಡುವ ನನ್ನಂಥವರಿಗೆ ತಲೆ ತಗ್ಗಿಸದೆ ಪುಟ ತಿರುವಲಾಗುವುದಿಲ್ಲ. ಹಳೆಯವರೆಲ್ಲ ತೀರಿಹೋದರು, ಉತ್ತರ ಕೊಡಲು ಅವರಿಲ್ಲ ಎಂದು ಅವರು ಸುಮ್ಮನಿದ್ದಿದ್ದರೆ? ಆ ಮೌನದಿಂದ ಲಾಭ ಯಾರಿಗೆ ಆಗುತ್ತಿತ್ತು? ಅವಮಾನ ಮಾಡಿದವರಿಗೆ ಮತ್ತು ಮಾಡುವವರಿಗೆ. “ಹೋಗಲಿ ಬಿಡು, ಮನೆ ಮಾತು ಹೊರಗೆ ಯಾಕೆ” ಎಂಬ ಒಳ್ಳೆಯ ಮಾತಿನ ಹಿಂದೆ ಎಷ್ಟು ಸೊಸೆಯಂದಿರ ಮೈಮೇಲಿನ ಬಾಸುಂಡೆಗಳು ಮುಚ್ಚಿಹೋಗಿವೆ ಎಂಬುದು ಊರಲ್ಲಿರುವ ನಿಮಗೂ ನನಗೂ ಗೊತ್ತಿಲ್ಲದ್ದಲ್ಲ. ಅವ್ವನ ಮೌನ ದೊಡ್ಡದು, ನಿಜ. ಆದರೆ ಅದು ಅವಳೇ ಆರಿಸಿಕೊಂಡ ಮೌನ. ಇನ್ನೊಬ್ಬರು ಹೇರಿದ ಮೌನಕ್ಕೆ ಅದರ ಹೆಸರನ್ನು ಕೊಡುವುದು ಮೋಸ.

ಹಾಗಾದರೆ ಎಲ್ಲಿ ಗೆರೆ ಎಳೆಯಬೇಕು? ನನ್ನ ಅಳತೆಗೆ ಸಿಕ್ಕಷ್ಟನ್ನು ಹೇಳುತ್ತೇನೆ. ದುಡಿಮೆಯ ಲೆಕ್ಕ ಬೇರೆ, ತಪ್ಪಿನ ಲೆಕ್ಕ ಬೇರೆ. ಯಾರು ಬೀಸಿದರು, ಯಾರು ಬಡಿದರು, ಯಾರು ಹಾಡು ನಿಲ್ಲಿಸಿದರು, ಯಾರ ಸೀರೆ ವ್ಯಾಪಾರದಿಂದ ಮನೆ ನಡೆಯಿತು ಎಂಬುದನ್ನು ಬಿಡಲು ಯಾವ ಬರಹಗಾರನಿಗೂ ಹಕ್ಕಿಲ್ಲ. ಅದು ಸಾಲ. ಸಾಲವನ್ನು ಮರೆತೆ ಎಂದರೆ ತೀರುವುದಿಲ್ಲ. ತಪ್ಪಿನ ಲೆಕ್ಕ ಹಾಗಲ್ಲ. ತನ್ನ ತಪ್ಪನ್ನು ಬರೆಯುವವನು ಗಾಂಧೀಜಿಯವರಂತೆ ಪೂರ್ತಿ ಬರೆಯಲಿ. ತನಗಾದ ನೋವನ್ನು ಬರೆಯುವುದೋ ಬಿಡುವುದೋ ನೊಂದವರ ಇಚ್ಛೆ. ಬರೆದರೆ ಯಾಕೆ ಬರೆದೆ ಎನ್ನಬಾರದು, ಬಿಟ್ಟರೆ ಅಂಜಿದೆ ಎನ್ನಬಾರದು. ಆದರೆ ನಡುವೆ ನಿಂತು ನೋಡಿದ ನಮ್ಮಂಥವರು, ಮಕ್ಕಳು, ನೆರೆಯವರು, ಓದುಗರು, ನೊಂದವರ ಅಪ್ಪಣೆಯಿಲ್ಲದೆ ಅವರ ನೋವನ್ನು ಅಚ್ಚಿಗೆ ಕೊಡಬಾರದು. ಅದು ಅಚ್ಚಾದ ಕಟ್ಟೆಯ ಸುದ್ದಿ. ಗಣಿತದ ಬಾಯಾರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದೇ ಇರಬೇಕು.

ಇದರಿಂದ ಎಲ್ಲ ಗಂಟೂ ಬಿಚ್ಚಿದವೆಂದಲ್ಲ. ನೊಂದವಳು ಸತ್ತೇ ಹೋಗಿದ್ದರೆ ಅಪ್ಪಣೆ ಯಾರು ಕೊಡಬೇಕು? ಕಸ್ತೂರಬಾ ಅವರು ತಮ್ಮ ದಿನಚರಿ ಹೀಗೆ ಊರೆಲ್ಲ ಓದಲಿ ಎಂದು ಬಯಸಿದ್ದರೇ? ಟಾಲ್‌ಸ್ಟಾಯ್ ಅವರ ದೊಡ್ಡ ಕಾದಂಬರಿಯ ಪುಟಗಳನ್ನು ಮತ್ತೆ ಮತ್ತೆ ಕೈಯಿಂದ ನಕಲು ಮಾಡಿಕೊಟ್ಟ ಪತ್ನಿ ಸೋಫಿಯಾ ತನ್ನ ಡೈರಿಗಳಲ್ಲಿ ಗಂಡನ ಮೇಲಿನ ಸಿಟ್ಟನ್ನೆಲ್ಲ ಬರೆದಿಟ್ಟಳು. ಅದನ್ನು ಜಗತ್ತೇ ಓದುತ್ತದೆ. ಓದುವುದು ನ್ಯಾಯವೋ ಇಣುಕುವುದೋ, ನನಗೆ ಪೂರ್ತಿ ಬಗೆಹರಿದಿಲ್ಲ. ಬಗೆಹರಿಯದೆಯೇ ಓದುತ್ತೇನೆ. ಓದುವಾಗ ದನಿ ತಗ್ಗಿಸಿಕೊಂಡು ಓದುತ್ತೇನೆ, ಅಷ್ಟೇ.

ನೀವೂ ಈ ವರ್ಷ ಯಾರದಾದರೂ ಬದುಕಿನ ಪುಸ್ತಕ ಓದುವಿರಿ. ದೊಡ್ಡವರ ಪುಸ್ತಕ ಇರಬಹುದು, ನೆಂಟರ ಮನೆಯಿಂದ ಬಂದ ಅಭಿನಂದನ ಗ್ರಂಥ ಇರಬಹುದು, ಎಪ್ಪತ್ತೈದನೆಯ ಹುಟ್ಟುಹಬ್ಬದ ಸ್ಮರಣ ಸಂಚಿಕ��� ಇರಬಹುದು. ಓದುವಾಗ ಒಂದು ಪೆನ್ಸಿಲ್ಲು ಹತ್ತಿರವಿರಲಿ. ಅನ್ನ, ನೀರು, ಹಾಸಿಗೆ, ರೋಗ, ಬಾಣಂತನ ಎಂಬ ಪದಗಳು ಬಂದಲ್ಲಿ ಸ್ವಲ್ಪ ನಿಂತು, ಈ ವಾಕ್ಯದ ಕರ್ತೃ ಯಾರು ಎಂದು ಕೇಳಿ ನೋಡಿರಿ. ಉತ್ತರ ಪುಸ್ತಕದಲ್ಲಿ ಸಿಗದಿದ್ದರೆ ಆ ಮನೆಯ ಹಿರಿಯ ಹೆಂಗಸನ್ನು ಕೇಳಬಹುದು. ಆಕೆ ಹೇಳಿದಷ್ಟನ್ನು ಕೇಳಿಸಿಕೊಳ್ಳಬೇಕು. ಬೇಡವೆಂದಲ್ಲಿ ಪೆನ್ನು ಕೆಳಗಿಡಬೇಕು.

ಅಣ್ಣ ಅಪ್ಪನ ಪುಸ್ತಕವನ್ನು ಇನ್ನೊಮ್ಮೆ ಅಚ್ಚು ಹಾಕಿಸುವವನಿದ್ದಾನೆ. ಪ್ರತಿ ಸಾಲಲಿಲ್ಲವಂತೆ. ಏನಾದರೂ ಸೇರಿಸಬೇಕೇ ಎಂದು ಅವ್ವನನ್ನು ಕೇಳಿದ. ತನ್ನ ಮೇಲೆ ಒಂದು ಅಧ್ಯಾಯ ಬೇಕೆಂದು ಅವಳು ಅನ್ನಲಿಲ್ಲ, ಫೋಟೋ ಬೇಕೆಂದೂ ಅನ್ನಲಿಲ್ಲ. “ಆ ಹದಿನಾಕ ಹುಡುಗೂರ ಮಾತ ಐತಲ್ಲ, ಅದನ್ನಷ್ಟ ಎರಡ ಮಾಡು. ಓದಿಸಿದವ್ರ ಅವ್ರು, ಉಣಿಸಿದಾಕಿ ನಾನು” ಅಂದಳು. ಅಣ್ಣ ತಲೆಯಾಡಿಸಿ ಬರೆದುಕೊಂಡ.